ಹಟ್ಟಿ ಹಿಂದಿನ ಹಾಲು

ನನ್ನ ಎತ್ತರ ನಾಲ್ಕು ಅಡಿ ಏಳು ಅಂಗುಲ. ಪ್ರೇಮಾನಂದ ಹೆಗ್ಡೆಯವರದು ಆರು ಅಡಿ ಒಂದು ಅಂಗುಲ. ಇಬ್ಬರೂ ಹುಟ್ಟಿದ್ದು ಒಂದೇ ವಾರ. ಇಬ್ಬರೂ ಕುಡಿದದ್ದು ಒಬ್ಬಳದೇ ಹಾಲು. ನಡುವೆ ಇಷ್ಟು ಅಂತರ ಹೇಗಾಯಿತು ಎಂದು ಕೇಳಿದಾಗೆಲ್ಲ ನನ್ನ ಅಮ್ಮ ಸೀತು ನಗುತ್ತಿದ್ದಳು.

"ಅವ್ನ ಎತ್ರದಲ್ಲ್ ಒಂದ್ ಗೇಣ್ ನಿಂದೇ. ಬೇಕಾರೆ ಹೋಯಿ ಕೇಂಡ್ ತಕೊ."

ನಾನು ಹೋಗಲಿಲ್ಲ. ಅದರ ಬದಲು ಈ ಕಥೆ ಹೇಳುತ್ತಿದ್ದೇನೆ. ಇದರಲ್ಲಿ ನಾನು ಕಣ್ಣಾರೆ ಕಂಡು ನೆನಪಿಟ್ಟದ್ದು ಏನೂ ಇಲ್ಲ. ಆಗ ನನಗೆ ಎಂಟು ತಿಂಗಳು. ಎಲ್ಲ ಅಮ್ಮ ಹೇಳಿದ್ದು, ಅಪ್ಪ ಪಕ್ಕದಲ್ಲಿ ಕೂತು ಹೌದೆಂದು ತಲೆಯಾಡಿಸಿದ್ದು.

ಕೋಟೇಶ್ವರದಿಂದ ಪೂರ್ವಕ್ಕೆ ಹೋದರೆ ಗದ್ದೆ ಬಯಲು ಮುಗಿದು ಕುರುಚಲು ಕಾಡಿನ ಹಾಡಿ ಶುರುವಾಗುವಲ್ಲಿ ನಮ್ಮ ಕೊರಗರ ನಾಲ್ಕು ಕೊಪ್ಪಗಳಿದ್ದವು. ಕೊಪ್ಪ ಎಂದರೆ ಸೊಪ್ಪು ಹೊದೆಸಿದ ಗುಡಿಸಲು. ಒಳಗೆ ಹೋಗಬೇಕಾದರೆ ಎರಡೂ ಕೈ ನೆಲಕ್ಕೆ ಊರಬೇಕು. ಅಪ್ಪ ಐತ ಹಾಡಿಯಿಂದ ಬಳ್ಳಿಯ ಬೀಳು ತಂದು ಬುಟ್ಟಿ ಹೆಣೆಯುತ್ತಿದ್ದ. ಅಮ್ಮನೂ ಹೆಣೆಯುತ್ತಿದ್ದಳು. ನಾವು ಹೆಣೆದ ಬುಟ್ಟಿ ಎಲ್ಲರ ಮನೆಯ ಒಳಗೆ ಹೋಗುತ್ತಿತ್ತು, ಅಕ್ಕಿಯ ಕೋಣೆಗೂ ಹೋಗುತ್ತಿತ್ತು. ಹೆಣೆದವರು ಅಂಗಳದ ಆಚೆ ನಿಲ್ಲಬೇಕಿತ್ತು. ಬುಟ್ಟಿಯಿಂದ ಜಾತಿ ಯಾವಾಗ ಕಳಚಿಕೊಳ್ಳುತ್ತದೆ ಎಂದು ಅಪ್ಪನಿಗೆ ಕೊನೆತನಕ ಗೊತ್ತಾಗಲಿಲ್ಲ.

ಜಾಗ ಹೆಗ್ಡೆಯವರ ದೊಡ್ಡಮನೆಯದು. ಆ ಮನೆಗೆ ಯಜಮಾನಿ ಚಂದ್ರಾವತಿ ಒಡತಿ. ಅವರ ಒಬ್ಬಳೇ ಮಗಳು ಗುಣವತಿ. ಅಳಿಯ ಚಂದಯ್ಯ ಹೆಗ್ಡೆ. ಗುಣವತಿಯವರಿಗೆ ಎರಡು ಮಕ್ಕಳು ಹುಟ್ಟಿ ಸತ್ತಿದ್ದವು. ನನ್ನ ಅಮ್ಮನಿಗೂ ಎರಡು ಹುಟ್ಟಿ ಸತ್ತಿದ್ದವು. ದೊಡ್ಡಮನೆಯ ಮಕ್ಕಳಿಗಾಗಿ ಊರೆಲ್ಲ ಅತ್ತಿತು. ನಮ್ಮವನ್ನು ಅಪ್ಪ ಹಾಡಿಯ ಅಂಚಿನಲ್ಲಿ ಹೂತು, ಮರುದಿನ ಅವರ ಗದ್ದೆಗೆ ಗೊಬ್ಬರ ಹೊರಲು ಹೋದ.

1945ರ ಹೊತ್ತಿಗೆ ಇಬ್ಬರೂ ಮತ್ತೆ ಬಸುರಿಯಾಗಿದ್ದರು. ಹೆರಿಗೆಗೆ ಇಬ್ಬರದೂ ಒಂದೇ ಲೆಕ್ಕದ ದಿನ.

ಆಸಾಡಿಯ ಮಳೆ ಹಿಡಿದಿತ್ತು. ನಮ್ಮ ಒಲೆ ಹೊತ್ತದೆ ಎರಡು ದಿನವಾಗಿತ್ತು. ದೊಡ್ಡಮನೆಯ ಆಳು ಕುಷ್ಟ ಬಂದು ಅಮ್ಮನನ್ನು ಕರೆದ. ಅಂಗಳದ ಆಚೆ ಬಾಳೆ ಎಲೆ ಹಾಸಿ ಅನ್ನ ಹಾಕಿದ್ದರು. ಅದರಲ್ಲಿ ಗುಣವತಿಯವರ ತಲೆಗೂದಲು, ಉಗುರಿನ ಚೂರು ಕಲಸಿದ್ದರು. ಇದಕ್ಕೆ ಅಜಲು ಎಂದು ಹೆಸರು. ಬಸುರಿಯ ದೋಷವೆಲ್ಲ ಕೂದಲು ಉಗುರಿನ ಜೊತೆ ಕೊರಗರ ಹೊಟ್ಟೆಗೆ ಹೋಗುತ್ತದೆ, ಒಡತಿಯ ಮಗು ಉಳಿಯುತ್ತದೆ.

ಚಂದ್ರಾವತಿ ಒಡತಿ ಜಗಲಿಯಿಂದ ಕೂಗಿ ಹೇಳಿದರು. "ಪೂರಾ ಉಣ್ಕ್ ಕಾಣ್ ಸೀತು. ಎಲಿಲಿ ಎಂತದೂ ಬಿಡುಕಾಗ."

ಅಮ್ಮ ಉಂಡಳು. ಕೂದಲು ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮಿದಳು. ಕಣ್ಣಲ್ಲಿ ನೀರು ಬಂತು. ಮತ್ತೆ ನುಂಗಿದಳು.

"ಒಡ್ತಿ, ಸಣ್ಣೊಡ್ತಿ ಕೂದ್ಲ್ ಸಮಾ ಉದ್ದ ಇತ್ತ್ ಕಾಣಿ. ಬಪ್ಪು ಸಲ ಎರ್ಡ್ ತುಂಡ್ ಮಾಡಿ ಹಾಕುಕಾತ್ತಾ?"

ಒಡತಿಗೆ ಬೈಯಬೇಕೋ ಸುಮ್ಮನಿರಬೇಕೋ ಗೊತ್ತಾಗಲಿಲ್ಲ. ನನ್ನ ಅಮ್ಮನ ಮಾತೇ ಹಾಗೆ. ಹೊಡೆಯಲು ಕೈ ಎತ್ತುವ ಹೊತ್ತಿಗೆ ಎದುರಿನವರಿಗೆ ನಗು ಬಂದಿರುತ್ತಿತ್ತು.

ದೋಷ ಹೋಗಿ ಸೇರಬೇಕಾದ ಹೊಟ್ಟೆಯಲ್ಲಿ ಆಗಲೇ ನಾನು ಕೂತಿದ್ದೆ. ಜಾಗ ಉಂಟೋ ಇಲ್ಲವೋ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಯುದ್ಧ ಮುಗಿದ ತಿಂಗಳು ನಾವು ಹುಟ್ಟಿದೆವು. ಮೊದಲು ಗುಣವತಿಯವರ ಮಗ, ಐದು ದಿನ ಬಿಟ್ಟು ನಾನು. ನಾನು ಗುಂಡುಗುಂಡಾಗಿದ್ದೆನಂತೆ. ಅಷ್ಟೆಲ್ಲ ದೋಷ ಉಂಡರೂ ನನ್ನ ಅಳು ಬಯಲಿನ ಆಚೆಗೆ ಕೇಳುತ್ತಿತ್ತಂತೆ. ಅವನು ಹಿಡಿ ತುಂಬುವಷ್ಟು ಇರಲಿಲ್ಲ. ಗುಣವತಿಯವರಿಗೆ ಬಾಣಂತಿ ಜ್ವರ ಬಂದು ಹಾಲು ಬತ್ತಿತು. ದನದ ಹಾಲು ಕೊಟ್ಟರೆ ಕಕ್ಕಿದ. ಹತ್ತನೆಯ ದಿನ ಕುಷ್ಟ ಓಡುತ್ತ ಬಂದ.

"ಸೀತು, ಬಾ ಮಾರಾಯ್ತಿ. ಮಾಣಿ ಜೀವ ಹೋಪುಕಾಯ್ತ್."

ಇದಕ್ಕೂ ಒಂದು ಪದ್ಧತಿ ಇತ್ತು. ಮಕ್ಕಳು ಉಳಿಯದ ಮನೆಯವರು ಕೂಸನ್ನು ಕೊರಗರ ಹೆಂಗಸಿಗೆ ಕೊಡುತ್ತಾರೆ. ಅವಳು ಹಾಲುಣಿಸಿ, ತನ್ನ ಕಬ್ಬಿಣದ ಬಳೆ ತೊಡಿಸಿ, ಅದಕ್ಕೆ ತನ್ನವರ ಹೆಸರಿಡುತ್ತಾಳೆ. ಆಗ ಅದು ಕೊರಗರ ಕೂಸಾಗುತ್ತದೆ. ಯಮನೂ ಮೈಲಿಗೆಗೆ ಹೆದರಿ ಅದನ್ನು ಮುಟ್ಟುವುದಿಲ್ಲ ಎಂದು ಅವರ ನಂಬಿಕೆ. ನಮ್ಮ ಕೊಪ್ಪಕ್ಕೆ ಅವನು ಬರುವಷ್ಟು ಸಲ ಬೇರೆ ಯಾರೂ ಬರುತ್ತಿರಲಿಲ್ಲ ಎಂದು ಅವರಿಗೆ ಹೇಳುವವರು ಯಾರು?

ದನ ಕಟ್ಟುವ ಹಟ್ಟಿಯ ಹಿಂದೆ, ಗೊಬ್ಬರದ ಗುಂಡಿಯ ಪಕ್ಕ ಅಮ್ಮ ಕೂತಳು. ಕುಷ್ಟ ಕೂಸನ್ನು ಅಕ್ಕಿ ಕೇರುವ ಗೆರಸಿಯಲ್ಲಿ ತಂದು ನೆಲದ ಮೇಲಿಟ್ಟು ದೂರ ಸರಿದ. ಅಮ್ಮ ಎತ್ತಿಕೊಂಡಳು. ಅದು ಬಾಯಿ ಹಾಕಿತು. ಮೊದಲು ಸುಮ್ಮನಿತ್ತು. ಆಮೇಲೆ ಎಳೆಯಿತು.

"ಎಂತ ಹೆಸ್ರ್ ಇಡ್ತೆ?" ಎಂದು ಒಡತಿ ದೂರದಿಂದ ಕೇಳಿದರು.

"ಕೊರಗ ಅಂದೇ ಇಡ್ತೆ ಒಡ್ತಿ. ಬೇರೆ ಒಳ್ಳೆ ಹೆಸ್ರ್ ನಮ್ಮಲ್ಲ್ ಇಲ್ಲೆ."

ಪ್ರೇಮಾನಂದ ಎಂಬುದು ಆಮೇಲೆ ಬಂದ ಹೆಸರು. ಮೊದಲಿನದು ನಮ್ಮದೇ.

ಪದ್ಧತಿಯಲ್ಲಿ ಒಂದು ಸಲ ಕುಡಿಸಿದರೆ ಸಾಕು. ಆದರೆ ಮಾಣಿ ಪದ್ಧತಿ ಓದಿರಲಿಲ್ಲ. ಮತ್ತೆ ಬೇಕೆಂದ. ಬೇರೆ ಏನು ಕೊಟ್ಟರೂ ಉಗುಳಿದ. ಹೀಗೆ ದಿನಕ್ಕೆ ಮೂರು ಸಲ, ಆಮೇಲೆ ನಾಲ್ಕು ಸಲ, ಅಮ್ಮ ಹಟ್ಟಿ ಹಿಂದೆ ಹೋಗಬೇಕಾಯಿತು. ಊರಿಗೆ ತಿಳಿಯಬಾರದು. ಎದೆ ತುಂಬಿಸಿಕೊಂಡೇ ಬರಬೇಕು.

"ನಿನ್ ಹೆಣ್ಣಿಗ್ ಮೊದ್ಲ್ ಕೊಟ್ಕಂಡ್ ಬಪ್ಪುಕಾಗ, ಗೊತ್ತಾಯ್ತಾ?" ಎಂದು ಒಡತಿ ಕಟ್ಟಪ್ಪಣೆ ಮಾಡಿದರು.

ಕುಡಿಸಿದ್ದಕ್ಕೆ ಒಂದು ಚಟ್ಟಿ ತಿಳಿಗಂಜಿ ಸಿಗುತ್ತಿತ್ತು. ಅಮ್ಮ ಅದನ್ನು ತಂದು, ಬಟ್ಟೆ ಚೂರನ್ನು ಅದರಲ್ಲಿ ಅದ್ದಿ ನನ್ನ ಬಾಯಿಗಿಡುತ್ತಿದ್ದಳು. ನಾನು ಬಟ್ಟೆ ಚೀಪಿದೆ. ಅವನು ಅಮ್ಮನನ್ನು ಚೀಪಿದ. ಅವನು ಮುಗಿಸಿದ ಮೇಲೆ ಉಳಿದದ್ದು ನನಗೆ. ಉಳಿಯುತ್ತಿದ್ದದ್ದು ಬಹಳ ಇರುತ್ತಿರಲಿಲ್ಲ. ಅವನ ಕೆನ್ನೆ ಉಬ್ಬಿತು. ನನ್ನ ಕಾಲು ಕಡ್ಡಿಯಾಯಿತು. ನನ್ನ ಅಳು ಮೊದಲು ಬಯಲು ದಾಟುತ್ತಿದ್ದದ್ದು ಆಮೇಲೆ ಕೊಪ್ಪದ ಬಾಗಿಲೂ ದಾಟಲಿಲ್ಲ. ಅಪ್ಪ ಒಂದು ದಿನ ಬುಟ್ಟಿ ಹೆಣೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. "ಇದ್ ಎಂತಕ್ ಕೂಗುದಿಲ್ಲೆ?" ಎಂದು ಕೇಳಿದ. ಅದೊಂದು ಪ್ರಶ್ನೆಗೆ ಮಾತ್ರ ಅವಳಲ್ಲಿ ತಮಾಷೆ ಇರಲಿಲ್ಲ.

ಕುಡಿಸಿದ ಮೇಲೆ ಮಾಣಿಯನ್ನು ಬಾವಿಕಟ್ಟೆಗೆ ಒಯ್ದು ನೀರು ಹೊಯ್ದು ಮೈಲಿಗೆ ಕಳೆಯುತ್ತಿದ್ದರು. ದಿನಕ್ಕೆ ನಾಲ್ಕು ಸ್ನಾನ. ಅಮ್ಮನಿಗೆ ಒಮ್ಮೆ ತಡೆಯಲಾಗಲಿಲ್ಲ.

"ಒಡ್ತಿ, ಹೊರ್ಗ್ ಮಿಂದದ್ದ್ ಆಯ್ತ್. ಒಳ್ಗ್ ಹ್ವಾದ್ದನ್ನ್ ಎಂತ ಮಾಡ್ತ್ರಿ?"

ಕುಷ್ಟ ಕಿಸಕ್ಕನೆ ನಕ್ಕ. ಒಡತಿ ತಿರುಗಿ ನೋಡಿದರು. ಕುಷ್ಟ ಕೆಮ್ಮತೊಡಗಿದ.

ಮರುವರ್ಷ ಬೇಸಗೆಯಲ್ಲಿ ಕುಂದಾಪುರದ ಶಾಲೆಯೊಂದರ ಬಯಲಲ್ಲಿ ಶಿಶು ಪ್ರದರ್ಶನ ಎಂದು ಡಂಗುರ ಹೊಡೆದರು. ಒಂದು ವರ್ಷದೊಳಗಿನ ಕೂಸುಗಳನ್ನು ತೂಗಿ, ಹಲ್ಲು ಕಣ್ಣು ನೋಡಿ, ಗಟ್ಟಿಮುಟ್ಟಾದ್ದಕ್ಕೆ ಬೆಳ್ಳಿ ಬಟ್ಟಲು. ದನಗಳ ಪ್ರದರ್ಶನ ನಮ್ಮವರು ಕಂಡಿದ್ದರು. ಮಕ್ಕಳದ್ದು ಇದೇ ಮೊದಲು.

ಚಂದಯ್ಯ ಹೆಗ್ಡೆಯವರು ಗಾಡಿ ಕಟ್ಟಿಸಿದರು. ಗುಣವತಿ, ಚಂದ್ರಾವತಿ ಒಡತಿ, ಮಡಿಲಲ್ಲಿ ಮಾಣಿ. ಮಧ್ಯಾಹ್ನ ಅವನಿಗೆ ಹಸಿವಾದರೆ? ಹಾಗಾಗಿ ಅಮ್ಮನೂ ಬೇಕಾಯಿತು. ಅಮ್ಮ ನನ್ನನ್ನು ಕಂಕುಳಲ್ಲಿಟ್ಟುಕೊಂಡು ಗಾಡಿಯ ಹಿಂದೆ ನಡೆದಳು. ಎರಡು ಹರದಾರಿಯ ದಾರಿ. ಗಾಡಿಯ ಧೂಳೆಲ್ಲ ನಮಗೆ. ಕುಷ್ಟ ನಡುವೆ ನಡೆಯುತ್ತಿದ್ದ, ಆ ಕಡೆಗೂ ಅಲ್ಲ, ಈ ಕಡೆಗೂ ಅಲ್ಲ.

ಶಾಲೆಯ ಬಯಲಿಗೆ ಮೊಣಕಾಲೆತ್ತರದ ಮುರಕಲ್ಲಿನ ಗೋಡೆ ಇತ್ತು. ಅಮ್ಮ ಅದರ ಹೊರಗೆ ಕೂತಳು. ಒಳಗೆ ಚಪ್ಪರ. ಚಪ್ಪರದಡಿ ಮೇಜು, ಡಾಕ್ಟರರು, ಮಂಗಳೂರಿನಿಂದ ಬಂದ ಸ್ವರ್ಣಲತಾ ಎಂಬ ನರ್ಸು. ಎಲ್ಲರೂ ಅವರನ್ನು ಬಾಯಮ್ಮ ಎನ್ನುತ್ತಿದ್ದರು. ತಕ್ಕಡಿಗೆ ಒಂದು ಬುಟ್ಟಿ ತೂಗುಹಾಕಿ, ಅದರಲ್ಲಿ ಕೂಸುಗಳನ್ನು ಕೂರಿಸಿ ತೂಗುತ್ತಿದ್ದರು. ಬುಟ್ಟಿಯ ಅಂಚಿನ ಮಡಿಕೆ ಕಂಡ ಕೂಡಲೇ ಅಮ್ಮನಿಗೆ ಗುರುತು ಸಿಕ್ಕಿತು. ಅಪ್ಪ ಸಂತೆಯಲ್ಲಿ ಮಾರಿದ್ದು.

ಪ್ರೇಮಾನಂದ ಹತ್ತೊಂಬತ್ತು ಪೌಂಡು ತೂಗಿದ. ಅವನಷ್ಟು ತೂಗಿದ ಕೂಸು ಇನ್ನೊಂದಿರಲಿಲ್ಲ. ಡಾಕ್ಟರರು ಅವನ ತೊಡೆ ಹಿಂಡಿ ನೋಡಿ ಸಂತೋಷಪಟ್ಟರು.

"ಹೆಗ್ಡೆಯವರೇ, ಮಗುವಿಗೆ ಏನು ಆಹಾರ ಕೊಡುತ್ತೀರಿ? ಎಲ್ಲ ತಾಯಂದಿರೂ ಕೇಳಲಿ."

ಚಂದಯ್ಯ ಹೆಗ್ಡೆಯವರು ಎದ್ದು ನಿಂತರು. ಶಲ್ಯ ಸರಿಮಾಡಿಕೊಂಡರು. "ನಮ್ಮ ಹಟ್ಟಿ ದನದ ಹಾಲು ಡಾಕ್ಟ್ರೇ. ಬೇರೆ ಎಂತದೂ ಇಲ್ಲ."

ಡಾಕ್ಟರರು ತಗಡಿನ ತುತ್ತೂರಿ ಬಾಯಿಗಿಟ್ಟು ಇಡೀ ಬಯಲಿಗೆ ಕೇಳುವಂತೆ ಸಾರಿದರು. "ಹೆಗ್ಡೆಯವರ ಹಟ್ಟಿಯ ದನದ ಹಾಲು! ಅಂಥ ದನ ಎಲ್ಲರ ಮನೆಯಲ್ಲೂ ಇರಬೇಕು!"

ಅಮ್ಮನಿಗೆ ನಗು ಬಂತು. ಸಣ್ಣ ನಗುವಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಕೇಳಿದ್ದೇ ತಡ, ಚಪ್ಪರದೊಳಗೆ ಮಾಣಿ ತಲೆ ತಿರುಗಿಸಿದ. ಗೋಡೆಯ ಕಡೆಗೆ ಎರಡೂ ಕೈ ಚಾಚಿ ಅಳತೊಡಗಿದ. ಅವನಿಗೆ ಊಟದ ಹೊತ್ತಾಗಿತ್ತು. ಊಟ ಎಲ್ಲಿ ಕೂತಿದೆ ಎಂದು ಅವನಿಗೆ ಗೊತ್ತಿತ್ತು.

ಅಮ್ಮ ಎದ್ದು ನಿಂತು ಕೂಗಿದಳು.

"ಹ್ವಾಯ್ ಡಾಕ್ಟ್ರೇ! ಆ ದನ ನಾನೇ!"

ಅಮ್ಮ ನನ್ನನ್ನು ಎತ್ತಿಕೊಂಡು ಗೋಡೆ ದಾಟಿದಳು. ಜನ ಕಿಕ್ಕಿರಿದಿದ್ದರು. ಆದರೆ ಅವಳು ಹೆಜ್ಜೆ ಇಟ್ಟಲ್ಲೆಲ್ಲ ಸರ್ರನೆ ಸರಿದರು, ಸೀರೆ ಎಳೆದುಕೊಂಡರು, ಮಕ್ಕಳನ್ನು ಎತ್ತಿಕೊಂಡರು. ಅಸ್ಪೃಶ್ಯತೆಯಿಂದ ನಮಗಾದ ಉಪಯೋಗ ಇದೊಂದೇ. ಜಾತ್ರೆಯಂಥ ಗುಂಪಿನಲ್ಲೂ ದಾರಿ ಸಿಗುತ್ತದೆ.

"ಯಾರಿದು?" ಎಂದರು ಡಾಕ್ಟರರು.

"ಹುಚ್ಚಿ. ನಮ್ಮ ಜಾಗದಲ್ಲಿರೋ ಕೊರಗ್ತಿ," ಎಂದರು ಹೆಗ್ಡೆಯವರು. ಅವರ ಮುಖ ಬೆವರಿತ್ತು.

"ಹುಚ್ಚಿ ಹಾಲ್ ಕುಡ್ದ್ ಮಾಣಿ ಇಷ್ಟ್ ಲಾಯ್ಕ್ ಆತ್ತಾ ಒಡ್ಯಾ?" ಎಂದಳು ಅಮ್ಮ. "ಎಂಟ್ ತಿಂಗ್ಳಾಯ್ತ್ ಡಾಕ್ಟ್ರೇ. ದಿನಕ್ಕ್ ನಾಕ್ ಸಲ. ಹಟ್ಟಿ ಹಿಂದೆ. ಬೇಕಾರೆ ಮಾಣಿನ್ನೇ ಕೇಣಿ, ಕಾಣಿ ಹ್ಯಾಂಗೆ ಕೈ ಚಾಚ್ತಾ."

ಬಾಯಮ್ಮ ಅಮ್ಮನನ್ನು ನೋಡಲಿಲ್ಲ. ಅಮ್ಮನ ಕಂಕುಳಲ್ಲಿದ್ದ ನನ್ನನ್ನು ನೋಡಿದರು.

"ಇದು ಯಾರ ಮಗು?"

"ಇದ್ ನನ್ದೇ. ದನದ ಕರು."

"ಎಷ್ಟು ತಿಂಗಳು?"

"ಮಾಣಿಗಿಂತ ಐದ್ ದಿನ ಸಣ್ಣದ್."

ಬಾಯಮ್ಮ ಕೈ ಚಾಚಿದರು. ಅಮ್ಮ ಕೊಡಲಿಲ್ಲ. ನಮ್ಮನ್ನು ಮುಟ್ಟಿ ಎತ್ತಿಕೊಳ್ಳುವವರು ಇರಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ. ಬಾಯಮ್ಮ ತಾವೇ ನನ್ನನ್ನು ಎತ್ತಿಕೊಂಡರು. ಪಟ್ಟಿ ಬರೆಯುತ್ತಿದ್ದ ಗುಮಾಸ್ತ ಎದ್ದು ನಿಂತ. "ಬಾಯಮ್ಮ, ಅದನ್ನ್ ಆ ಬುಟ್ಟಿಲಿ ಇಡುಕಾಗ. ಬೇರೆಯವ್ರ ಮಕ್ಳ್ ಇತ್ತ್."

"ಬುಟ್ಟಿ ಹೆಣ್ದದ್ದ್ ನನ್ ಗಂಡ ಮಾರಾಯ್ರೆ. ಬೆರ್ಳಿಗೆ ಉಗ್ಳ್ ಹಚ್ಕಂಡೇ ಹೆಣ್ದದ್ದ್. ಎಲ್ಲಾ ಮಕ್ಳ್ ಕೂತದ್ದ್ ಅದ್ರಲ್ಲೇ," ಎಂದಳು ಅಮ್ಮ.

ಹಿಂದೆ ಯಾರೋ ನಕ್ಕರು. ಇನ್ಯಾರೋ ತಮ್ಮ ಕೂಸಿನ ಮೈ ಸೆರಗಿನಿಂದ ಒರೆಸಿದರು.

ನನ್ನನ್ನು ತೂಗಿದರು. ಹನ್ನೊಂದು ಪೌಂಡು.

ಬಾಯಮ್ಮ ಮುಳ್ಳನ್ನು ಎರಡು ಸಲ ನೋಡಿದರು. ಡಾಕ್ಟರರು ತುತ್ತೂರಿ ಕೆಳಗಿಟ್ಟರು. ಗಂಟಲು ಸರಿಮಾಡಿಕೊಂಡರು. "ಇದರಲ್ಲಿ ಆಶ್ಚರ್ಯವಿಲ್ಲ ಸಿಸ್ಟರ್. ಇವರ ಕುಲವೇ ಸಣ್ಣದು. ಮೂಳೆ ಸಣ್ಣದು. ರಕ್ತದಲ್ಲೇ ಬಂದದ್ದು."

ಅಲ್ಲಿಯವರೆಗೆ ಅಮ್ಮ ತಮಾಷೆಯಲ್ಲೇ ಇದ್ದಳು. ಈಗ ಅವಳ ದನಿ ಇಳಿಯಿತು.

"ಹುಟ್ದಾಗ ಇದೇ ದೊಡ್ಡದಿದ್ದಿತ್ತ್. ಮಾಣಿ ಹಿಡಿಯಷ್ಟ್ ಇದ್ದಿದ್ದ. ಆಗ ರಕ್ತ ಎಲ್ಲ್ ಹೋಯಿತ್ತ್? ಅವ್ನ ಹೊಟ್ಟಿಗ್ ಹ್ವಾದ್ದ್ ಇದ್ರ ಹೊಟ್ಟಿಗ್ ಹ್ವಾಯ್ಲಿಲ್ಲ. ಅಷ್ಟೇ ಡಾಕ್ಟ್ರೇ. ಕುಷ್ಟ, ಹೇಳ್. ಗೆರ್ಸಿಲಿ ತಂದವ ನೀನೇ ಅಲ್ದಾ?"

ಎಲ್ಲರೂ ಕುಷ್ಟನನ್ನು ನೋಡಿದರು. ಹೆಗ್ಡೆಯವರೂ ನೋಡಿದರು. ಕುಷ್ಟ ತನ್ನ ಕಾಲಿನ ಹೆಬ್ಬೆರಳನ್ನು ನೋಡಿದ. ಅದನ್ನೇ ನೋಡುತ್ತ ಹೇಳಿದ.

"ಹೌದ್. ಮಾಣಿ ಗೆರ್ಸಿಲಿ ಕಾಂತಿರ್ಲಿಲ್ಲ. ಬಟ್ಟಿ ಮಾತ್ರ ಕಾಂತಿತ್ತ್."

ಬಾಯಮ್ಮ ಗುಮಾಸ್ತನ ಕೈಯಿಂದ ಪಟ್ಟಿ ಎಳೆದುಕೊಂಡರು. ನನ್ನ ಹೆಸರು ಕೇಳಿದರು. ಅಮ್ಮ ಇನ್ನೂ ಇಟ್ಟಿರಲಿಲ್ಲ. ಮೊದಲಿನೆರಡಕ್ಕೆ ಇಟ್ಟು ಕೈ ಸುಟ್ಟುಕೊಂಡಿದ್ದಳು. ಒಂದು ವರ್ಷ ಬದುಕಿದರೆ ಇಡೋಣ ಎಂದಿದ್ದಳು. ಬಾಯಮ್ಮ 'ಬೇಬಿ' ಎಂದು ಬರೆದರು. ಅದೇ ನನ್ನ ಹೆಸರಾಗಿ ನಿಂತಿತು. ದೊಡ್ಡವರ ಮಾಣಿಗೆ ಕೊರಗನ ಹೆಸರು, ಕೊರಗರ ಹೆಣ್ಣಿಗೆ ಇಂಗ್ಲಿಷರ ಹೆಸರು. ನಮ್ಮ ಮನೆಯಲ್ಲಿ ಹೆಸರಿಗೇನೂ ಬರಗಾಲವಿರಲಿಲ್ಲ.

ಮಾಣಿ ಅಷ್ಟರಲ್ಲಿ ಬಯಲು ಹಾರಿಹೋಗುವಂತೆ ಕಿರುಚುತ್ತಿದ್ದ. ಚಂದ್ರಾವತಿ ಒಡತಿ ಅಮ್ಮನ ಹತ್ತಿರ ಬಂದರು. ಮುಟ್ಟದಷ್ಟು ದೂರ ನಿಂತು ಹಲ್ಲು ಕಚ್ಚಿ ಹೇಳಿದರು.

"ಮರ್ಯಾದಿ ತೆಗ್ದದ್ದ್ ಸಾಕ್. ಶಾಲಿ ಹಿಂದೆ ನಡಿ. ಮಾಣಿಗ್ ಕೊಡ್."

ಅಮ್ಮನ ಎದೆ ಆ ಅಳು ಕೇಳಿ ತಾನೇ ಸುರಿಯತೊಡಗಿತ್ತು. ಎಂಟು ತಿಂಗಳ ಅಭ್ಯಾಸ. ಮೈಗೆ ಜಾತಿ ಗೊತ್ತಿರಲಿಲ್ಲ, ಜಗಳವೂ ಗೊತ್ತಿರಲಿಲ್ಲ. ಸುತ್ತಿದ ಬಟ್ಟೆ ಒದ್ದೆಯಾಯಿತು. ಎಲ್ಲರಿಗೂ ಕಾಣುತ್ತಿತ್ತು. ಅವಳು ಮುಚ್ಚಿಕೊಳ್ಳಲಿಲ್ಲ.

"ಇಲ್ಲೆ ಒಡ್ತಿ. ಇವತ್ತ್ ದನ ಹಾಲ್ ಕೊಡುದಿಲ್ಲೆ."

ನನ್ನನ್ನು ಎತ್ತಿಕೊಂಡು ಬಂದ ದಾರಿಯಲ್ಲೇ ನಡೆದಳು. ಜನ ಮತ್ತೆ ಸರಿದರು. ಬೆನ್ನ ಹಿಂದೆ ಮಾಣಿಯ ಅಳು ಬಹಳ ದೂರ ಕೇಳುತ್ತಿತ್ತು. ಅಷ್ಟು ದೂರವೂ ಎದೆ ಸುರಿಯಿತು. ಪೇಟೆ ದಾಟಿ ಒಂದು ಮೋರಿಯ ಕಟ್ಟೆಯ ಮೇಲೆ ಕೂತು ನನ್ನನ್ನು ಎದೆಗೆ ಹಚ್ಚಿದಳು. ನಾನು ಗಬಗಬ ಕುಡಿದು, ಎಲ್ಲ ವಾಂತಿ ಮಾಡಿದೆನಂತೆ. ತುಂಬಿದ ಎದೆ ನನಗೆ ಹೊಸದು. ಆಗ ಅಮ್ಮ ಅತ್ತಳು. ಅದನ್ನು ಅವಳು ಹೇಳಿದ್ದು ಒಂದೇ ಸಲ.

ಮೂರನೆಯ ದಿನ ಬೆಳಿಗ್ಗೆ ಕೊಪ್ಪ ಕೀಳಿಸಲು ಹೆಗ್ಡೆಯವರು ಆಳು ಕಳಿಸಿದರು. ಕಳಿಸಿದ್ದು ಕುಷ್ಟನನ್ನೇ. ಅದು ಅವನಿಗೆ ಕೊಟ್ಟ ಶಿಕ್ಷೆ. ಕುಷ್ಟ ಮಾಡಿನ ಸೊಪ್ಪಿಗೆ ಕೈ ಹಾಕಿ, ಎಳೆಯದೆ, ಸುಮ್ಮನೆ ನಿಂತ. ಮೂರು ದಿನದಿಂದ ಅಮ್ಮನ ಜೊತೆ ಮಾತಾಡದಿದ್ದ ಅಪ್ಪ ಅವನ ಕೈ ಸರಿಸಿದ.

"ಬಿಡ್ ಕುಷ್ಟ. ಕಟ್ಟ್ದವ ನಾನ್. ನಾನೇ ಬಿಚ್ಚ್ತೆ."

ಬೀಳಿನ ಕಟ್ಟು, ಎರಡು ಚಟ್ಟಿ, ಡೋಲು, ನಾನು. ಅಷ್ಟೇ ಸಾಮಾನು. ಕೋಟೇಶ್ವರದ ಹತ್ತಿರ ರಸ್ತೆ ಬದಿಯ ಸರ್ಕಾರಿ ಜಾಗದಲ್ಲಿ ಅಮ್ಮನ ಕಡೆಯವರಿದ್ದರು. ಅವರ ಪಕ್ಕ ಅಪ್ಪ ಹೊಸ ಕೊಪ್ಪ ಕಟ್ಟಿದ. ಈ ಸಲ ಬಾಗಿಲು ಸ್ವಲ್ಪ ಎತ್ತರ ಮಾಡಿದ. ಯಾಕೆ ಎಂದು ಅಮ್ಮ ಕೇಳಿದ್ದಕ್ಕೆ, "ನೀನ್ ಬಗ್ಗುದ್ ಕಮ್ಮಿ ಆಯ್ತಲೆ," ಎಂದನಂತೆ. ಅವರಿಬ್ಬರೂ ಮಾತು ಬಿಟ್ಟದ್ದು ಅಲ್ಲಿಗೆ ಮುಗಿಯಿತು.

ದೊಡ್ಡಮನೆಯಲ್ಲಿ ಮಾಣಿಗೆ ಡಬ್ಬಿ ಹಾಲು ಕೊಟ್ಟರು. ಭೇದಿ ಹಿಡಿಯಿತು. ಮೂರು ದನ ಬದಲಾಯಿಸಿದರು. ಗಂಜಿಯನ್ನು ಉಗುಳಿದ. ಊರ ಬೇರೆ ಬಾಣಂತಿಯರು ತಮ್ಮ ಕೂಸಿಗೇ ಸಾಲದು ಎಂದರು. ಅವರ ಮಾತನ್ನು ಒಡತಿ ನಂಬಿದರು. ಅವರಿಗೆ ಅಜಲಿನ ಕಟ್ಟಳೆ ಇರಲಿಲ್ಲವಲ್ಲ.

ಪ್ರದರ್ಶನ ಕಳೆದು ಒಂಬತ್ತನೆಯ ದಿನ. ಸುಡು ಮಧ್ಯಾಹ್ನ. ಗದ್ದೆಯ ಅಂಚಿನ ಮೇಲೆ ಒಬ್ಬ ಹೆಂಗಸು ಬರುತ್ತಿರುವುದನ್ನು ಅಪ್ಪ ಕಂಡ. ಗಾಡಿ ಇಲ್ಲ, ಕೊಡೆ ಇಲ್ಲ, ಆಳು ಇಲ್ಲ. ಕಾಲಲ್ಲಿ ಮೆಟ್ಟಿಲ್ಲ. ಗುಣವತಿಯವರು. ಅಮ್ಮನಿಗೆ ಹೇಳಿ ಅಪ್ಪ ಕೊಪ್ಪದ ಹಿಂದೆ ಸರಿದ.

ಪ್ರದರ್ಶನದ ದಿನ ಗುಣವತಿ ಒಂದು ಮಾತೂ ಆಡಿರಲಿಲ್ಲ. ಎಂಟು ತಿಂಗಳೂ ಆಡಿರಲಿಲ್ಲ. ಹಟ್ಟಿ ಹಿಂದೆ ಅವರು ಒಮ್ಮೆಯೂ ಬಂದಿರಲಿಲ್ಲ. ಈಗ ಅಮ್ಮನ ಎದುರು ನಿಂತರು. ತೋಳಲ್ಲಿ ಮಾಣಿ. ಕೆನ್ನೆ ಇಳಿದಿತ್ತು. ಅಮ್ಮನನ್ನು ಕಂಡು ಅವನು ಕೈ ಚಾಚಿದ. ಆದರೆ ಕೂಗಲಿಲ್ಲ. ಅಮ್ಮನಿಗೆ ಆ ಸುಮ್ಮನಿರುವಿಕೆಯ ಗುರುತು ಸಿಕ್ಕಿತು. ಅದನ್ನು ಅವಳು ತನ್ನ ಕೊಪ್ಪದಲ್ಲೇ ಎಂಟು ತಿಂಗಳು ಕೇಳಿದ್ದಳು.

"ಸೀತು," ಎಂದರು ಗುಣವತಿ. "ಯಾರಿಗೂ ಹೇಳ್ದೆ ಬಂದದ್ದ್. ಹೋಯಿ ನಾ ಎಂತ ಉತ್ತರ ಕೊಡ್ಕ್, ಅದೂ ಗೊತ್ತಿಲ್ಲೆ."

ಅಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಗೆರ್ಸಿ ಎಲ್ಲ್ ಸಣ್ಣೊಡ್ತಿ? ಮರ್ತ್ ಬಂದ್ರ್ಯಾ?"

ಗುಣವತಿಯವರ ಮುಖ ಕೆಂಪಾಯಿತು. ತಲೆ ತಗ್ಗಿಸಿದರು.

"ಬೇಜಾರ್ ಮಾಡ್ಬೇಡಿ. ಕೂಕಣಿ. ಚಾಪಿ ಇತ್ತ್. ನಾನೇ ಹೆಣ್ದದ್ದ್, ಕೂತ್ರೆ ಕಚ್ಚುದಿಲ್ಲೆ."

ಗುಣವತಿ ಒಂದು ಗಳಿಗೆ ಚಾಪೆಯನ್ನು ನೋಡಿದರು. ಕೂತರು. ರಸ್ತೆಯಲ್ಲಿ ಹೋಗುವ ಬಸ್ಸಿನವರು ಕತ್ತು ಹೊರಗೆ ಹಾಕಿ ನೋಡಿದರು. ಅವರು ಮಾಣಿಯನ್ನು ನೆಲದ ಮೇಲಿಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಅಮ್ಮನ ಕಡೆಗೆ ಚಾಚಿದರು.

ಅಮ್ಮ ಕೈ ಚಾಚಲಿಲ್ಲ. ಕೊಪ್ಪದ ಒಳಗೆ ಹೋಗಿ, ಜೋಲಿಯಲ್ಲಿ ಮಲಗಿದ್ದ ನನ್ನನ್ನು ಎತ್ತಿಕೊಂಡು ಬಂದಳು. ಗುಣವತಿಯವರ ಎದುರಿಗೇ, ಅದೇ ಚಾಪೆಯ ಇನ್ನೊಂದು ತುದಿಯಲ್ಲಿ ಕಾಲು ಚಾಚಿ ಕೂತು, ನನ್ನನ್ನು ಎದೆಗೆ ಹಚ್ಚಿಕೊಂಡಳು.

"ಇದ್ರದ್ ಆಯ್ಲಿ. ಕಾದ್ಕಣಿ."

ಗುಣವತಿಯವರು ಕಾದರು. ಬಿಸಿಲು ಅವರ ಬೆನ್ನ ಮೇಲಿತ್ತು. ಮಾಣಿ ಅವರ ಹೆಗಲಿಗೆ ಒರಗಿ ನನ್ನನ್ನೇ ನೋಡುತ್ತಿದ್ದ. ನಾನು ಒಂದು ಬದಿ ಮುಗಿಸಿದೆ. ಅಮ್ಮ ನನ್ನನ್ನು ಇನ್ನೊಂದು ಬದಿಗೆ ತಿರುಗಿಸಿಕೊಂಡಳು. ನಾನು ನಡುವೆ ನಿಲ್ಲಿಸಿ, ಗುಣವತಿಯವರ ಮೂಗುಬೊಟ್ಟು ಹೊಳೆಯುವುದನ್ನು ನೋಡಿ, ಮತ್ತೆ ಕುಡಿದೆನಂತೆ. ಅವಸರವೇನೂ ಮಾಡಲಿಲ್ಲವಂತೆ.